ಬಯಲಿನಲ್ಲಿ ಬೆಂಕಿ ಹೊತ್ತಿಸುವ ಸಾಧನಗಳ ಆಯ್ಕೆ ಮತ್ತು ಸುರಕ್ಷಿತ ಬಳಕೆ: ದೇವಸಮುದ್ರ ಹೋಬಳಿಯ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕು ಕಸಬಾ ಮತ್ತು ದೇವಸಮುದ್ರ ಎಂಬ ಎರಡು ಹೋಬಳಿಗಳನ್ನು ಒಳಗೊಂಡಿದೆ. ಈ ತಾಲ್ಲೂಕು ಹಾಗೂ ನೆರೆಯ ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಶೇಂಗಾ ಕಾಯಿ ಬಿಡಿಸಿದ ನಂತರ ಉಳಿಯುವ ಹೊಟ್ಟು, ಜೋಳದ ಸೊಪ್ಪೆ ಮತ್ತು ರಾಗಿ ಹುಲ್ಲನ್ನು ರೈತರು ಬಣವೆಯಾಗಿ ಒಟ್ಟಿ, ಮುಂದಿನ ಮಳೆಗಾಲದವರೆಗೆ ದನಕರುಗಳಿಗೆ ಮೇವಾಗಿ ಕಾಪಾಡಿಕೊಳ್ಳುತ್ತಾರೆ. ಬಣವೆಯೊಂದು ಸುಟ್ಟುಹೋದರೆ ಆ ಮನೆಯ ಎತ್ತು, ಎಮ್ಮೆಗಳ ಒಂದು ವರ್ಷದ ಮೇವು ಒಂದೇ ಗಂಟೆಯಲ್ಲಿ ಬೂದಿಯಾಗುತ್ತದೆ. ಬರಗಾಲದ ವರ್ಷದಲ್ಲಿ ಇಂತಹ ನಷ್ಟವು ಜಾನುವಾರುಗಳನ್ನು ಸಂತೆಗೆ ಹೊಡೆಯುವ ಸ್ಥಿತಿಗೆ ಕುಟುಂಬವನ್ನು ತಂದು ನಿಲ್ಲಿಸುತ್ತದೆ.

ಬಯಲಿನಲ್ಲಿ ಬೆಂಕಿ ಹೊತ್ತಿಸುವುದು ಈ ಭಾಗದ ಜನಜೀವನದಲ್ಲಿ ಅನಿವಾರ್ಯವಾದ ಕೆಲಸ. ಹೊಲದಲ್ಲಿ ಕೂಲಿಯಾಳುಗಳಿಗೆ ಅಡುಗೆ ಮಾಡುವವರು, ರೊಪ್ಪದ ಬಳಿ ರಾತ್ರಿ ಕಾಯುವ ಕುರಿಗಾಹಿಗಳು, ಕಣದಲ್ಲಿ ಮಲಗುವ ರೈತರು, ಜಾತ್ರೆಗೆ ಬಂದು ಮರದ ನೆರಳಿನಲ್ಲಿ ಒಲೆ ಹೂಡುವ ಭಕ್ತರು, ಬೆಟ್ಟಗಳನ್ನು ನೋಡಲು ಬರುವ ಪ್ರವಾಸಿಗರು ಇವರೆಲ್ಲರೂ ತಮ್ಮೊಡನೆ ಬೆಂಕಿ ಹೊತ್ತಿಸುವ ಸಾಧನವನ್ನು ಕೊಂಡೊಯ್ಯುತ್ತಾರೆ. ಯಾವ ಸಾಧನವು ಯಾವ ಕೆಲಸಕ್ಕೆ ಸೂಕ್ತ, ಖರೀದಿಸುವಾಗ ಏನನ್ನು ಪರಿಶೀಲಿಸಬೇಕು, ಹೊತ್ತಿಸಿದ ಬೆಂಕಿಯನ್ನು ಹೇಗೆ ಹತೋಟಿಯಲ್ಲಿಡಬೇಕು ಮತ್ತು ಅನಾಹುತ ಸಂಭವಿಸಿದಲ್ಲಿ ಪರಿಹಾರಕ್ಕೆ ಹೇಗೆ ಅರ್ಜಿ ಸಲ್ಲಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಈ ಪುಟದಲ್ಲಿ ನೀಡಲಾಗಿದೆ.

2. ಬೆಂಕಿ ಹೊತ್ತಿಕೊಳ್ಳಲು ಬೇಕಾದ ಅಂಶಗಳು

ಬೆಂಕಿಗೆ ಉರುವಲು, ಗಾಳಿಯಲ್ಲಿನ ಆಮ್ಲಜನಕ ಮತ್ತು ಶಾಖ ಎಂಬ ಮೂರು ಅಂಶಗಳು ಅಗತ್ಯ. ಈ ಮೂರರಲ್ಲಿ ಯಾವುದಾದರೂ ಒಂದನ್ನು ತೆಗೆದರೂ ಬೆಂಕಿ ನಂದುತ್ತದೆ. ಬೆಂಕಿಕಡ್ಡಿ ಅಥವಾ ಲೈಟರ್ ಒದಗಿಸುವುದು ಶಾಖವನ್ನು ಮಾತ್ರ. ದಪ್ಪನೆಯ ಸೌದೆಗೆ ನೇರವಾಗಿ ಕಡ್ಡಿ ಹಿಡಿದರೆ ಅದು ಹೊತ್ತಿಕೊಳ್ಳುವುದಿಲ್ಲ. ಮೊದಲು ನಾರು, ಹತ್ತಿ, ಒಣಹುಲ್ಲಿನಂತಹ ಹಗುರ ಪದಾರ್ಥ, ನಂತರ ಬೆರಳಿನಷ್ಟು ದಪ್ಪದ ಪುಳ್ಳೆ, ಕೊನೆಯಲ್ಲಿ ಸೌದೆ ಎಂಬ ಕ್ರಮದಲ್ಲಿ ಬೆಂಕಿಯನ್ನು ಬೆಳೆಸಬೇಕು. ಈ ಕ್ರಮವನ್ನು ಪಾಲಿಸದವರೇ ಸಾಮಾನ್ಯವಾಗಿ ಸೀಮೆಎಣ್ಣೆ ಅಥವಾ ಪೆಟ್ರೋಲ್ ಸುರಿಯುವ ಅಪಾಯಕಾರಿ ಮಾರ್ಗವನ್ನು ಹಿಡಿಯುತ್ತಾರೆ. ಆದ್ದರಿಂದ ಸಾಧನದ ಆಯ್ಕೆಯಷ್ಟೇ ಉರುವಲಿನ ಸಿದ್ಧತೆಯೂ ಮುಖ್ಯವಾದುದು.

3. ಹೊತ್ತಿಸುವ ಸಾಧನಗಳು ಮತ್ತು ಅವುಗಳ ಗುಣಲಕ್ಷಣಗಳು

ಮಾರುಕಟ್ಟೆಯಲ್ಲಿ ದೊರೆಯುವ ಸಾಧನಗಳ ವಿವರ ಈ ಕೆಳಕಂಡಂತಿದೆ.

(ಅ) ಬೆಂಕಿಪೊಟ್ಟಣ (ಕಡ್ಡಿಪೆಟ್ಟಿಗೆ)

ನಮ್ಮಲ್ಲಿ ಬಳಕೆಯಲ್ಲಿರುವ ಸುರಕ್ಷಿತ ಬೆಂಕಿಕಡ್ಡಿಯ ತುದಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಪೊಟ್ಟಣದ ಪಕ್ಕದ ಪಟ್ಟಿಯಲ್ಲಿ ಕೆಂಪು ರಂಜಕವಿರುತ್ತದೆ. ಇವೆರಡೂ ಉಜ್ಜಿದಾಗ ಮಾತ್ರ ಕಡ್ಡಿ ಹೊತ್ತಿಕೊಳ್ಳುವುದರಿಂದ ಇದಕ್ಕೆ ಸುರಕ್ಷಿತ ಕಡ್ಡಿ ಎಂಬ ಹೆಸರು ಬಂದಿದೆ. ದೇಶದ ಬೆಂಕಿಪೊಟ್ಟಣಗಳ ಬಹುಪಾಲು ತಮಿಳುನಾಡಿನ ಶಿವಕಾಶಿ, ಕೋವಿಲ್‌ಪಟ್ಟಿ ಮತ್ತು ಸುತ್ತಲಿನ ಊರುಗಳಲ್ಲಿ ತಯಾರಾಗುತ್ತದೆ. 2021ರ ಡಿಸೆಂಬರ್ 1ರಿಂದ ಪೊಟ್ಟಣದ ಬೆಲೆ 1 ರೂಪಾಯಿಯಿಂದ 2 ರೂಪಾಯಿಗೆ ಏರಿತು. ಹಾಗಿದ್ದರೂ ಇದು ಅತ್ಯಂತ ಅಗ್ಗದ ಸಾಧನ.

ಅನುಕೂಲಗಳು: ಒತ್ತಡದ ಅನಿಲವಿಲ್ಲ, ಬಿಸಿಲಿಗೆ ಸಿಡಿಯುವ ಭಯವಿಲ್ಲ, ದುರಸ್ತಿಯ ಅಗತ್ಯವಿಲ್ಲ. ಕೊರತೆಗಳು: ಪಟ್ಟಿ ಒದ್ದೆಯಾದರೆ ಇಡೀ ಪೊಟ್ಟಣ ನಿರುಪಯುಕ್ತವಾಗುತ್ತದೆ. ಬಯಲಿನ ಗಾಳಿಗೆ ಕಡ್ಡಿ ನಂದುತ್ತದೆ. ಮೇಣದ ಕಡ್ಡಿಗಳು ಬೇಸಿಗೆಯಲ್ಲಿ ಮೆತ್ತಗಾಗಿ ಗೀರುವಾಗ ಬಾಗುವುದರಿಂದ ಹೊಲದ ಕೆಲಸಕ್ಕೆ ಮರದ ಕಡ್ಡಿಯೇ ಉತ್ತಮ. ಕಡ್ಡಿಯನ್ನು ದೇಹದಿಂದ ಹೊರಮುಖವಾಗಿ ಗೀರಬೇಕು. ಉರಿದ ಕಡ್ಡಿಯನ್ನು ಒಣಹುಲ್ಲಿನ ಮೇಲೆ ಎಸೆಯದೆ ಮಣ್ಣಿನಲ್ಲಿ ಒತ್ತಿ ನಂದಿಸಬೇಕು. ಮಳೆಗಾಲದಲ್ಲಿ ಪೊಟ್ಟಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು.

(ಆ) ಅನಿಲ ತುಂಬಿದ ಜೇಬು ಲೈಟರ್

ಇದರೊಳಗೆ ಬ್ಯೂಟೇನ್ ಎಂಬ ಅನಿಲವು ಒತ್ತಡದಿಂದ ದ್ರವರೂಪದಲ್ಲಿರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಳಗಿನ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 2 ಪಟ್ಟು ಇದ್ದರೆ, 50 ಡಿಗ್ರಿಯಲ್ಲಿ ಸುಮಾರು 5 ಪಟ್ಟು ಆಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಮುಂಭಾಗ, ಟ್ರ್ಯಾಕ್ಟರ್‌ನ ಆಸನ, ಬಂಡೆಯ ಮೇಲ್ಮೈ ಇವುಗಳ ಉಷ್ಣತೆ 50 ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ. ಅಂತಹ ಕಡೆ ಲೈಟರ್ ಇಟ್ಟು ಹೋಗುವುದು ಅಪಾಯಕರ. ಒಲೆಯ ಅಂಚಿನಲ್ಲಿ ಮರೆತು ಬಿಟ್ಟ ಲೈಟರ್ ಸಿಡಿದು ಕಣ್ಣಿಗೆ ಗಾಯವಾಗುವ ಸಂಭವವಿದೆ.

ಕೆಲಸಕ್ಕೆ ಬಳಸುವಾಗ ಜ್ವಾಲೆಯು ಮೇಲ್ಮುಖವಾಗಿರಬೇಕು. ಒಲೆಯ ಬಾಯಿಗೆ ತಲೆಕೆಳಗಾಗಿ ಹಿಡಿದರೆ ಉರಿಯು ಹೆಬ್ಬೆರಳಿಗೆ ತಗಲುತ್ತದೆ ಮತ್ತು ಲೋಹದ ಮೂತಿ ಕಾಯುತ್ತದೆ. ಸತತವಾಗಿ 10 ಸೆಕೆಂಡಿಗಿಂತ ಹೆಚ್ಚು ಕಾಲ ಉರಿಸಬಾರದು. ಅಡುಗೆ ಒಲೆ ಹೊತ್ತಿಸಲು ಈ ಲೈಟರ್‌ನಿಂದ ನೇರವಾಗಿ ಪ್ರಯತ್ನಿಸುವ ಬದಲು ಬತ್ತಿ ಅಥವಾ ಕಡ್ಡಿಯೊಂದನ್ನು ಹೊತ್ತಿಸಿಕೊಂಡು ಅದನ್ನು ಒಲೆಗೆ ಇಡುವುದು ಸೂಕ್ತ.

(ಇ) ಉದ್ದ ಮೂತಿಯ ಲೈಟರ್

ಬಂದೂಕಿನ ಕುದುರೆಯಂತಹ ಗುಂಡಿಯನ್ನು ಒತ್ತಿದಾಗ ಉದ್ದ ಕೊಳವೆಯ ತುದಿಯಲ್ಲಿ ಜ್ವಾಲೆ ಬರುವ ಸಾಧನವಿದು. ಮಾನಕದ ಪ್ರಕಾರ ಇದರ ಒಟ್ಟು ಉದ್ದ 100 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು. ಕೈಯು ಉರಿಯಿಂದ ದೂರವಿರುವುದರಿಂದ ಸೌದೆ ಒಲೆಗೆ, ದೊಡ್ಡ ಕಡಾಯಿಯ ಅಡುಗೆಗೆ, ದೀಪಸ್ತಂಭಕ್ಕೆ ಇದು ಜೇಬು ಲೈಟರ್‌ಗಿಂತ ಹೆಚ್ಚು ಸುರಕ್ಷಿತ. ತಾನಾಗಿಯೇ ಒತ್ತಿಹೋಗದಂತೆ ತಡೆಯುವ ಬೀಗದ ಗುಂಡಿ ಇರುವುದನ್ನೇ ಆರಿಸಿಕೊಳ್ಳುವುದು.

(ಈ) ಅಡುಗೆಮನೆಯ ಕಿಡಿ ಲೈಟರ್

ಗ್ಯಾಸ್ ಒಲೆಗೆ ಬಳಸುವ ಸ್ಟೀಲ್ ಲೈಟರ್‌ನಲ್ಲಿ ಅನಿಲವಿರುವುದಿಲ್ಲ. ಒಳಗಿನ ಹರಳಿನ ಮೇಲೆ ಪೆಟ್ಟು ಬಿದ್ದಾಗ ಉಂಟಾಗುವ ವಿದ್ಯುತ್ ಕಿಡಿಯು ಅನಿಲವನ್ನು ಮಾತ್ರ ಹೊತ್ತಿಸಬಲ್ಲದು. ಹುಲ್ಲು, ಪುಳ್ಳೆ, ಕರ್ಪೂರ ಇವು ಇದರಿಂದ ಹೊತ್ತಿಕೊಳ್ಳುವುದಿಲ್ಲ. ಹೊಲಕ್ಕೆ ಇದೊಂದನ್ನೇ ಕೊಂಡೊಯ್ದವರು ಬರಿಗೈಯಲ್ಲಿ ಹೋದಂತೆಯೇ ಸರಿ. ಸಣ್ಣ ಸಿಲಿಂಡರ್ ಒಲೆಯನ್ನು ಬಯಲಿನಲ್ಲಿ ಬಳಸುವವರಿಗೆ ಮಾತ್ರ ಇದು ಉಪಯುಕ್ತ.

(ಉ) ಬತ್ತಿ ಲೈಟರ್

ಲೋಹದ ಪೆಟ್ಟಿಗೆಯೊಳಗಿನ ಹತ್ತಿಯು ಪೆಟ್ರೋಲಿನ ಜಾತಿಯ ದ್ರವವನ್ನು ಹೀರಿಕೊಂಡಿರುತ್ತದೆ. ಗಾಳಿಗೆ ಸುಲಭವಾಗಿ ನಂದದಿರುವುದು ಇದರ ವಿಶೇಷ. ಆದರೆ ಮುಚ್ಚಳ ಹಾಕುವವರೆಗೆ ಉರಿಯುತ್ತಲೇ ಇರುವುದರಿಂದ ಕೈಜಾರಿ ಬಿದ್ದರೂ ಉರಿ ಆರುವುದಿಲ್ಲ. ಬಣವೆ, ಕಣ ಮತ್ತು ಒಣಹುಲ್ಲಿನ ಬಳಿ ಈ ಸಾಧನವನ್ನು ಬಳಸಬಾರದು.

(ಊ) ಜೆಟ್ ಲೈಟರ್

ಗಾಳಿಯೊಡನೆ ಅನಿಲವನ್ನು ಬೆರೆಸಿ ರಭಸವಾಗಿ ಹೊರಹಾಕುವ ಈ ಲೈಟರ್‌ನ ಉರಿ ಗಾಳಿಗೆ ನಿಲ್ಲುತ್ತದೆ. ಆದರೆ ಹಗಲಿನ ಬೆಳಕಿನಲ್ಲಿ ಆ ನೀಲಿ ಜ್ವಾಲೆ ಕಣ್ಣಿಗೆ ಕಾಣುವುದು ಕಷ್ಟ. ಉರಿಯುತ್ತಿದೆಯೇ ಇಲ್ಲವೇ ಎಂದು ಕೈಯಿಟ್ಟು ನೋಡಬಾರದು.

(ಋ) ವಿದ್ಯುತ್ ಆರ್ಕ್ ಲೈಟರ್

ಬ್ಯಾಟರಿಯಿಂದ ನಡೆಯುವ, ಮೊಬೈಲ್ ಚಾರ್ಜರ್‌ನಿಂದ ವಿದ್ಯುತ್ ತುಂಬಿಸಬಹುದಾದ ಸಾಧನವಿದು. ದೀಪದ ಬತ್ತಿ, ಊದಿನಕಡ್ಡಿ, ಕರ್ಪೂರಕ್ಕೆ ಸಾಕಾಗುತ್ತದೆ. ಅದರ ಕಿಡಿಯು ಎರಡು ತಂತಿಗಳ ನಡುವಿನ ಕಿರಿದಾದ ಜಾಗದಲ್ಲಿ ಮಾತ್ರ ಇರುವುದರಿಂದ ದಪ್ಪ ಪುಳ್ಳೆಗೆ ಉಪಯೋಗವಿಲ್ಲ. ಹಲವು ದಿನ ವಿದ್ಯುತ್ ಸಂಪರ್ಕವಿಲ್ಲದೆ ಕುರಿ ಮಂದೆಯೊಡನೆ ತಿರುಗುವವರು ಇದನ್ನೇ ನಂಬಿಕೊಳ್ಳಬಾರದು.

(ೠ) ಚಕಮಕಿ ಕಲ್ಲು ಮತ್ತು ಕಿಡಿ ಸಲಾಕೆ

ಬೆಂಕಿಪೊಟ್ಟಣ ಬರುವ ಮುನ್ನ ಉಕ್ಕಿನ ತುಂಡಿನಿಂದ ಚಕಮಕಿ ಕಲ್ಲನ್ನು ಹೊಡೆದು, ಕಿಡಿಯನ್ನು ಅರಳೆಗೆ ಹಿಡಿದು ಊದುವುದು ರೂಢಿಯಲ್ಲಿತ್ತು. ಅದೇ ತತ್ವದ ಮೇಲೆ ಇಂದು ಚಾರಣಿಗರು ಬಳಸುವ ಕಿಡಿ ಸಲಾಕೆ ದೊರೆಯುತ್ತದೆ. ಕಬ್ಬಿಣ ಮತ್ತು ಸೀರಿಯಂ ಮುಂತಾದ ಲೋಹಗಳ ಈ ಮಿಶ್ರಣವನ್ನು 1903ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ಕಂಡುಹಿಡಿದರು. ಚಕ್ರ ತಿರುಗಿಸುವ ಲೈಟರ್‌ಗಳಲ್ಲಿನ 'ಕಲ್ಲು' ಸಹ ಇದೇ ಮಿಶ್ರಣ. ಸಲಾಕೆಯನ್ನು ಚಾಕುವಿನ ಹಿಂಬದಿಯಿಂದ ಕೆರೆದಾಗ ಬರುವ ಕಿಡಿಯ ಉಷ್ಣತೆ ಸುಮಾರು 3000 ಡಿಗ್ರಿ ಸೆಲ್ಸಿಯಸ್. ಒದ್ದೆಯಾದರೂ ಒರೆಸಿ ಬಳಸಬಹುದು, ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಆದರೆ ನುಣುಪಾದ ಒಣ ನಾರು ಮತ್ತು ಅಭ್ಯಾಸ ಬೇಕು. ಆದ್ದರಿಂದ ಇದನ್ನು ಎರಡನೆಯ ಸಾಧನವಾಗಿ ಇಟ್ಟುಕೊಳ್ಳುವುದು ಸೂಕ್ತ.

4. ಯಾರಿಗೆ ಯಾವುದು ಸೂಕ್ತ

• ಹೊಲದಲ್ಲಿ ಅಡುಗೆ ಮಾಡುವವರಿಗೆ: ಮರದ ಕಡ್ಡಿಯ ಬೆಂಕಿಪೊಟ್ಟಣ ಹಾಗೂ ಉದ್ದ ಮೂತಿಯ ಲೈಟರ್.
• ಮಂದೆಯೊಡನೆ ಹೋಗುವ ಕುರಿಗಾಹಿಗಳಿಗೆ: ಡಬ್ಬಿಯಲ್ಲಿಟ್ಟ ಬೆಂಕಿಪೊಟ್ಟಣ, ಒಂದು ಜೇಬು ಲೈಟರ್, ಸಾಧ್ಯವಾದರೆ ಕಿಡಿ ಸಲಾಕೆ.
• ಜಾತ್ರೆ, ಪರಿಷೆಗಳಲ್ಲಿ ಸಾಮೂಹಿಕ ಅಡುಗೆ ಮಾಡುವವರಿಗೆ: ಬೀಗದ ಗುಂಡಿಯುಳ್ಳ ಉದ್ದ ಮೂತಿಯ ಲೈಟರ್ ಮಾತ್ರ.
• ದೇವಸ್ಥಾನದ ದೀಪ, ಕರ್ಪೂರಕ್ಕೆ: ಬೆಂಕಿಪೊಟ್ಟಣ ಅಥವಾ ಆರ್ಕ್ ಲೈಟರ್.
• ಬಣವೆ ಇರುವ ಕಣದಲ್ಲಿ ರಾತ್ರಿ ಕಾಯುವವರಿಗೆ: ಯಾವ ಸಾಧನವೂ ಬೇಡ. ಬೆಳಕಿಗೆ ಬ್ಯಾಟರಿ ದೀಪವನ್ನು, ಚಳಿಗೆ ಕಂಬಳಿಯನ್ನು ಬಳಸುವುದು.

ಯಾವುದೇ ಸಂದರ್ಭದಲ್ಲಿ ಒಂದೇ ಸಾಧನವನ್ನು ನೆಚ್ಚಿಕೊಳ್ಳದೆ ಬೇರೆ ಬೇರೆ ತತ್ವದ ಎರಡನ್ನು ಬೇರೆ ಬೇರೆ ಚೀಲಗಳಲ್ಲಿ ಇಟ್ಟುಕೊಳ್ಳುವಂತೆ ಸಲಹೆ ನೀಡಲಾಗಿದೆ.

5. ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

ಜ್ವಾಲೆ ಉಂಟುಮಾಡುವ ಲೈಟರ್‌ಗಳಿಗೆ ಸಂಬಂಧಿಸಿದಂತೆ ಕೇಂದ್ರ ಸರ್ಕಾರವು 2023ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶವನ್ನು ಹೊರಡಿಸಿತು. ಸಾಮಾನ್ಯ ಲೈಟರ್‌ಗಳಿಗೆ ಐಎಸ್/ಐಎಸ್ಒ 9994:2018 ಹಾಗೂ ಉದ್ದ ಮೂತಿಯ ಲೈಟರ್‌ಗಳಿಗೆ ಐಎಸ್/ಐಎಸ್ಒ 22702:2018 ಎಂಬ ಮಾನಕಗಳು ಅನ್ವಯಿಸುತ್ತವೆ. ಲೈಟರ್ 1.5 ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು, 65 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಾಳಿಕೊಳ್ಳಬೇಕು ಎಂಬಂತಹ ಪರೀಕ್ಷೆಗಳು ಈ ಮಾನಕಗಳಲ್ಲಿವೆ. ಇದೇ 2023ರಲ್ಲಿ, 20 ರೂಪಾಯಿಗಿಂತ ಕಡಿಮೆ ಆಮದು ಮೌಲ್ಯದ ಸಿಗರೇಟ್ ಲೈಟರ್‌ಗಳ ಆಮದನ್ನು ನಿಷೇಧಿಸಲಾಯಿತು. ಸಂತೆ ಮತ್ತು ಜಾತ್ರೆಗಳಲ್ಲಿ ರಾಶಿ ಹಾಕಿ ಮಾರುವ, ತಯಾರಕರ ಹೆಸರಿಲ್ಲದ ಲೈಟರ್‌ಗಳನ್ನು ಕೊಳ್ಳುವ ಮುನ್ನ ಗ್ರಾಹಕರು ಕೆಳಗಿನ ಅಂಶಗಳನ್ನು ಗಮನಿಸುವುದು.

1) ಐಎಸ್ಐ ಗುರುತು ಮತ್ತು ಪರವಾನಗಿ ಸಂಖ್ಯೆ ಇದೆಯೇ. ಈ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ 'ಬಿಐಎಸ್ ಕೇರ್' ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.
2) ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಹಾಗೂ ಎಚ್ಚರಿಕೆಯ ಸೂಚನೆಗಳು ಮುದ್ರಿತವಾಗಿವೆಯೇ.
3) ಗುಂಡಿಯನ್ನು ಬಿಟ್ಟ ಕೂಡಲೇ ಜ್ವಾಲೆ ಆರುತ್ತದೆಯೇ.
4) ಜ್ವಾಲೆಯು ಏರಿಳಿತವಿಲ್ಲದೆ, ಉಗುಳದೆ ಉರಿಯುತ್ತದೆಯೇ.
5) ಕಿವಿಯ ಬಳಿ ಹಿಡಿದಾಗ ಅನಿಲ ಸೋರುವ ಸದ್ದು ಅಥವಾ ವಾಸನೆ ಇದೆಯೇ.
6) ಆಟಿಕೆ, ಪ್ರಾಣಿ ಅಥವಾ ವಾಹನದ ಆಕಾರದಲ್ಲಿದೆಯೇ. ಮಕ್ಕಳನ್ನು ಆಕರ್ಷಿಸುವ ಅಂತಹ ಲೈಟರ್‌ಗಳನ್ನು ಕೊಳ್ಳಲೇಬಾರದು.

ದೋಷಪೂರಿತ ಸಾಮಗ್ರಿಯ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ದೂರು ನೀಡಲು ರಸೀದಿ ಅಗತ್ಯವಿರುವುದರಿಂದ ಅಂಗಡಿಯಿಂದ ರಸೀದಿಯನ್ನು ಕೇಳಿ ಪಡೆಯುವುದು.

6. ಹೊತ್ತಿಸಲು ಬಳಸುವ ಪದಾರ್ಥಗಳು

(ಅ) ಬಳಸಬಹುದಾದವು

ಎಣ್ಣೆ ಬತ್ತಿ: ಹತ್ತಿಯ ಬತ್ತಿಯನ್ನು ಶೇಂಗಾ ಎಣ್ಣೆಯಲ್ಲಿ ಅದ್ದಿ ಹಿಂಡಿ ಡಬ್ಬಿಯಲ್ಲಿಟ್ಟುಕೊಂಡರೆ ಅದು ಕೆಲವು ನಿಮಿಷಗಳ ಕಾಲ ಸಮನಾಗಿ ಉರಿದು ಪುಳ್ಳೆಗೆ ಬೆಂಕಿ ಹತ್ತಿಸುತ್ತದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ನೆರೆಯಲ್ಲಿರುವ ಈ ಭಾಗದಲ್ಲಿ ಇದಕ್ಕಿಂತ ಸುಲಭವಾದ, ಸುರಕ್ಷಿತವಾದ ವಸ್ತು ಬೇರೊಂದಿಲ್ಲ.

ತೆಂಗಿನ ನಾರು, ಕೊಬ್ಬರಿ ಚಿಪ್ಪು: ನಾರು ಕಿಡಿಯನ್ನು ಹಿಡಿದಿಡುತ್ತದೆ, ಚಿಪ್ಪು ಬಹಳ ಹೊತ್ತು ಉರಿಯುತ್ತದೆ.

ಕರ್ಪೂರ: ಒಂದೆರಡು ಬಿಲ್ಲೆ ಸಾಕು. ಇದು ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಪೊಟ್ಟಣವನ್ನು ಒಲೆಯಿಂದ ದೂರವಿಡಬೇಕು. ಮಕ್ಕಳು ನುಂಗಿದರೆ ವಿಷಕಾರಿ.

ಶೇಂಗಾ ಸಿಪ್ಪೆ, ಕುಳ್ಳು: ಸಿಪ್ಪೆಯು ಬೇಗ ಉರಿಯುತ್ತದೆ, ಕುಳ್ಳು ನಿಧಾನವಾಗಿ ಕಾವು ಕೊಡುತ್ತದೆ. ಸಿಪ್ಪೆಯ ಉರಿಗೆ ಕಿಡಿ ಹಾರುವುದರಿಂದ ಗಾಳಿ ಇರುವಾಗ ಬಳಸಬಾರದು.

ಸೌದೆ: ಎಲ್ಲೆಡೆ ಬೆಳೆದಿರುವ ಬಳ್ಳಾರಿ ಜಾಲಿಯ ಒಣ ಕಟ್ಟಿಗೆ ಉತ್ತಮ ಕೆಂಡವನ್ನು ನೀಡುತ್ತದೆ.

(ಆ) ಬಳಸಬಾರದವು

ಪೆಟ್ರೋಲ್: ಇದರ ಆವಿಯು ಸೊನ್ನೆಗಿಂತ 40 ಡಿಗ್ರಿ ಕಡಿಮೆ ಉಷ್ಣತೆಯಲ್ಲಿಯೂ ಹೊತ್ತಿಕೊಳ್ಳಬಲ್ಲದು. ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ, ದೂರದಲ್ಲಿ ನಿಂತವರ ಕಾಲಿಗೂ ಉರಿ ತಗಲುತ್ತದೆ.

ಸೀಮೆಎಣ್ಣೆ, ಡೀಸೆಲ್, ಸ್ಯಾನಿಟೈಸರ್: ಆರಿದಂತೆ ಕಾಣುವ ಕೆಂಡದ ಮೇಲೆ ಇವನ್ನು ಸುರಿದಾಗ ಉರಿಯು ಡಬ್ಬಿಯವರೆಗೆ ಏರಿ ಬರುತ್ತದೆ. ಸ್ಯಾನಿಟೈಸರ್‌ನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣಿಸುವುದಿಲ್ಲ.

ಟಯರ್ ಚೂರು, ಪ್ಲಾಸ್ಟಿಕ್ ಚೀಲ, ಥರ್ಮೋಕೋಲ್: ಇವುಗಳ ಹೊಗೆ ವಿಷಪೂರಿತ. ಕರಗಿದ ಹನಿಯು ಚರ್ಮಕ್ಕೆ ಅಂಟಿಕೊಂಡು ಆಳವಾದ ಗಾಯವಾಗುತ್ತದೆ.

ಕಣಗಿಲೆ ಕಡ್ಡಿ: ಹೆದ್ದಾರಿಗಳ ನಡುವೆ ಬೆಳೆಸುವ ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿ. ಅದರ ಕಟ್ಟಿಗೆಯಿಂದ ಅಡುಗೆ ಮಾಡಬಾರದು, ಅದರ ಕಡ್ಡಿಯಿಂದ ಸಾರು ತಿರುವಲೂಬಾರದು.

7. ಸ್ಥಳದ ಆಯ್ಕೆ

ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿ ವಿದ್ಯುತ್ ಯಂತ್ರಗಳನ್ನು ಸ್ಥಾಪಿಸಿರುವುದು ಇಲ್ಲಿನ ಗಾಳಿಯ ವೇಗಕ್ಕೆ ಸಾಕ್ಷಿ. ಕಿಡಿಯು ಗಾಳಿಯ ದಿಕ್ಕಿನಲ್ಲಿ ಬಹುದೂರ ಹಾರಬಲ್ಲದು. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು.

• ಬಣವೆ, ಗುಡಿಸಲು, ರೊಪ್ಪದ ಮುಳ್ಳುಬೇಲಿ ಇವುಗಳಿಂದ ಕನಿಷ್ಠ 100 ಅಡಿ ದೂರದಲ್ಲಿ, ಗಾಳಿ ಅವುಗಳ ಕಡೆಗೆ ಬೀಸದಂತೆ ಒಲೆ ಹೂಡುವುದು.
• ಸುತ್ತಲಿನ ಒಣಹುಲ್ಲನ್ನು ಹತ್ತು ಅಡಿ ಕೆರೆದು, ಮೊಳದಷ್ಟು ಗುಂಡಿ ತೋಡಿ, ಮೂರು ಕಡೆ ಕಲ್ಲು ಇಡುವುದು. ಹಳ್ಳದ ಒದ್ದೆ ಕಲ್ಲುಗಳು ಕಾದಾಗ ಸಿಡಿಯುವುದರಿಂದ ಒಣ ಕಲ್ಲುಗಳನ್ನೇ ಬಳಸುವುದು.
• ವಿದ್ಯುತ್ ತಂತಿಯ ಕೆಳಗೆ ಒಲೆ ಹೂಡಬಾರದು, ಬಣವೆಯನ್ನೂ ಒಟ್ಟಬಾರದು.
• ಹೊತ್ತಿಸುವ ಮುನ್ನವೇ ಎರಡು ಕೊಡ ನೀರು, ಒಂದು ಬುಟ್ಟಿ ಮಣ್ಣು ಮತ್ತು ಒಂದು ಉಣ್ಣೆಯ ಕಂಬಳಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು.

ಕಂಬಳಿಯ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ತಿಳಿಸಲಾಗಿದೆ. ಉಣ್ಣೆಯು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಹೊತ್ತಿದರೂ ಉರಿಯನ್ನು ತೆಗೆದೊಡನೆ ತಾನೇ ಆರುತ್ತದೆ. ಚಳ್ಳಕೆರೆ ಭಾಗದ ಕುರುಬರು ನೇಯುವ ಕರಿ ಕಂಬಳಿಯು ಬೆಂಕಿಯನ್ನು ಮುಚ್ಚಿ ನಂದಿಸಲು ಅತ್ಯುತ್ತಮ ಸಾಧನ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕರಗಿ ಮೈಗೆ ಅಂಟುವುದರಿಂದ ಒಲೆಯ ಬಳಿ ಅವನ್ನು ಧರಿಸಬಾರದು ಮತ್ತು ಬೆಂಕಿ ಮುಚ್ಚಲು ಬಳಸಬಾರದು.

8. ನಿರ್ಬಂಧಿತ ಸ್ಥಳಗಳು

(ಅ) ಅರಣ್ಯ ಪ್ರದೇಶ: ಕರ್ನಾಟಕ ಅರಣ್ಯ ಕಾಯ್ದೆ, 1963ರ ಅನ್ವಯ ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಗುಡ್ಡದ ಒಣಹುಲ್ಲಿಗೆ ಬೆಂಕಿ ಇಟ್ಟರೆ ಮುಂದಿನ ಮಳೆಗೆ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಬೆಂಕಿಯಿಂದ ಸಸಿಗಳು, ಹುಲ್ಲಿನ ಬೀಜ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ನಾಶವಾಗುತ್ತವೆ. ಹೊದಿಕೆ ಕಳೆದುಕೊಂಡ ಮೇಲ್ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಕುರಿ ಮೇಯಿಸುವವರಿಗೇ ಇದರಿಂದ ಹೆಚ್ಚಿನ ನಷ್ಟ.

(ಆ) ಪ್ರಾಚೀನ ಸ್ಮಾರಕಗಳು: ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಕಿರು ಶಿಲಾಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಕಲ್ಲು ಒಡೆಯುವವರು ಬಂಡೆಯ ಮೇಲೆ ಬೆಂಕಿ ಹಾಕಿ ಚಕ್ಕೆ ಎಬ್ಬಿಸುವುದನ್ನು ಎಲ್ಲರೂ ಬಲ್ಲರು. ಶಾಸನವಿರುವ ಬಂಡೆಯ ಬಳಿ ಹೂಡಿದ ಒಲೆಯೂ ಅದೇ ಕೆಲಸವನ್ನು ಮಾಡುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಶಿಕ್ಷಾರ್ಹ.

(ಇ) ರೈಲು: ಸೀಮೆಎಣ್ಣೆ, ಪೆಟ್ರೋಲ್, ಅನಿಲದ ಡಬ್ಬಿ ಮುಂತಾದ ಅಪಾಯಕಾರಿ ವಸ್ತುಗಳನ್ನು ರೈಲಿನಲ್ಲಿ ಕೊಂಡೊಯ್ಯುವುದು ರೈಲ್ವೆ ಕಾಯ್ದೆ, 1989ರ 164ನೆಯ ಪ್ರಕರಣದನ್ವಯ ಅಪರಾಧ.

(ಈ) ನಿರ್ಲಕ್ಷ್ಯದಿಂದ ಬೆಂಕಿಯನ್ನು ಬಳಸಿ ಪರರ ಪ್ರಾಣಕ್ಕೆ ಅಪಾಯವೊಡ್ಡುವವರಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 287ನೆಯ ಪ್ರಕರಣದನ್ವಯ ಆರು ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

9. ಜಾತ್ರೆ ಮತ್ತು ಉತ್ಸವಗಳ ಸಂದರ್ಭದಲ್ಲಿ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಫಾಲ್ಗುಣ ಮಾಸದಲ್ಲಿ ನಡೆಯುವ ಶ್ರೀ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಭಕ್ತರು ಒಣ ಕೊಬ್ಬರಿಯನ್ನು ಸುಟ್ಟು ಹರಕೆ ತೀರಿಸುವ ಪದ್ಧತಿಯಿದೆ. ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ರಾಶಿಯ ಉರಿಯು ಬಹಳ ಎತ್ತರಕ್ಕೆ ಏಳುತ್ತದೆ. ಅದರ ಮೇಲೆ ನೀರು ಎರಚಿದರೆ ಉರಿಯುವ ಎಣ್ಣೆ ಸಿಡಿಯುವ ಸಂಭವವಿರುವುದರಿಂದ, ಅಗತ್ಯ ಬಿದ್ದಲ್ಲಿ ಮಣ್ಣನ್ನು ಬಳಸುವುದು. ಕೊಬ್ಬರಿಯನ್ನು ದೂರದಿಂದ ಎಸೆಯದೆ, ಸೀರೆಯ ಸೆರಗು ಮತ್ತು ಪಂಚೆಯ ಅಂಚನ್ನು ಬಿಗಿದು ಕಟ್ಟಿಕೊಂಡು, ಗಾಳಿ ಬೀಸುವ ಕಡೆಯಿಂದ ಸಮೀಪಿಸುವುದು. ಮಕ್ಕಳನ್ನು ಎತ್ತಿಕೊಂಡು ರಾಶಿಯ ಬಳಿ ಹೋಗಬಾರದು.

ಭಾದ್ರಪದ ಮಾಸದ ಗೌರಸಮುದ್ರ ಮಾರಮ್ಮನ ಜಾತ್ರೆಗೆ ಬರುವವರೂ ಎತ್ತಿನ ಗಾಡಿ, ಟ್ರ್ಯಾಕ್ಟರ್‌ಗಳನ್ನು ಒಲೆಗಳಿಂದ ದೂರ ನಿಲ್ಲಿಸಿ, ಗಾಡಿಯಲ್ಲಿರುವ ಹುಲ್ಲನ್ನು ಮುಚ್ಚಿಡಲು ಕೋರಲಾಗಿದೆ.

10. ಬೆಂಕಿಯನ್ನು ನಂದಿಸುವ ಕ್ರಮ

ಅಡುಗೆ ಮುಗಿದ ನಂತರ ನೀರು ಹಾಕಿ, ಬೂದಿಯನ್ನು ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಬೇಕು. ಅಂಗೈಯ ಹಿಂಬದಿಯನ್ನು ಬೂದಿಯ ಮೇಲೆ ಸಮೀಪ ಹಿಡಿದಾಗ ಕಾವು ತಿಳಿಯದಿದ್ದರೆ ಮಾತ್ರ ಬೆಂಕಿ ಆರಿದೆ ಎಂದು ಭಾವಿಸುವುದು. ಬೂದಿಯೊಳಗಿನ ಕೆಂಡವು ಮರುದಿನದವರೆಗೂ ಜೀವಂತವಾಗಿರಬಲ್ಲದು. ಒಲೆಯ ಬೂದಿಯನ್ನು ಹಸಿಯಾಗಿ ಆರಿಸದೆ ತಿಪ್ಪೆಗೆ ಸುರಿಯುವುದು ಬಣವೆ ಬೆಂಕಿಗೆ ಕಾರಣವಾಗುತ್ತದೆ. ಸಂಜೆ ಸುರಿದ ಬೂದಿ ರಾತ್ರಿಯ ಗಾಳಿಗೆ ಕೆರಳಿ, ಎಲ್ಲರೂ ಮಲಗಿರುವಾಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಮನೆಯ ಪ್ರತಿಯೊಬ್ಬರೂ ನೆನಪಿನಲ್ಲಿಡತಕ್ಕದ್ದು.

11. ಅನಾಹುತ ಸಂಭವಿಸಿದಾಗ

• ಕೂಡಲೇ 112ಕ್ಕೆ ಅಥವಾ 101ಕ್ಕೆ ಕರೆ ಮಾಡಿ ಗ್ರಾಮದ ಹೆಸರು, ಹೋಬಳಿ, ತಾಲ್ಲೂಕು ಮತ್ತು ಸಮೀಪದ ಗುರುತನ್ನು ತಿಳಿಸುವುದು. ದೇವಸಮುದ್ರ ಎಂಬ ಹೆಸರಿನ ಊರುಗಳು ಬೇರೆಡೆಯೂ ಇರುವುದರಿಂದ 'ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರ' ಎಂದೇ ಹೇಳುವುದು.
• ವಾಹನ ಬರುವ ದಾರಿಯಲ್ಲಿ ಒಬ್ಬರನ್ನು ನಿಲ್ಲಿಸಿ ದಾರಿ ತೋರಿಸುವುದು. ಕೆರೆ, ಕೊಳವೆಬಾವಿ, ನೀರಿನ ತೊಟ್ಟಿ ಎಲ್ಲಿದೆ ಎಂದು ತಿಳಿಸುವುದು.
• ಹೊತ್ತಿದ ಬಣವೆಯನ್ನು ಉಳಿಸುವ ಪ್ರಯತ್ನದಲ್ಲಿ ಅದರ ಮೇಲೆ ಹತ್ತಬಾರದು. ಪಕ್ಕದ ಬಣವೆಗಳನ್ನು ನೀರಿನಿಂದ ತೋಯಿಸುವುದು, ಜಾನುವಾರುಗಳ ಹಗ್ಗ ಬಿಚ್ಚುವುದು ಮೊದಲ ಕೆಲಸ.
• ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ ನೀರು ಹಾಕದೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸುವುದು.
• ಮೈಮೇಲಿನ ಬಟ್ಟೆಗೆ ಬೆಂಕಿ ಹೊತ್ತಿದರೆ ಓಡಬಾರದು. ನಿಂತು, ನೆಲಕ್ಕೆ ಮಲಗಿ, ಉರುಳುವುದು. ಬಳಿಯಲ್ಲಿರುವವರು ಕಂಬಳಿ ಹೊದಿಸುವುದು.
• ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡುವುದು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚಬಾರದು. ಅಂಟಿದ ಬಟ್ಟೆಯನ್ನು ಕೀಳಬಾರದು. 108 ಆಂಬುಲೆನ್ಸ್‌ಗೆ ಕರೆ ಮಾಡುವುದು.

12. ಪರಿಹಾರಕ್ಕೆ ಅರ್ಜಿ ಸಲ್ಲಿಸುವ ವಿಧಾನ

ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಗಳಲ್ಲಿ ಅಗ್ನಿ ಅನಾಹುತವನ್ನು ವಿಪತ್ತುಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಮನೆ, ಗುಡಿಸಲು, ಪ್ರಾಣಹಾನಿಗೆ ಸಂಬಂಧಿಸಿದ ಅರ್ಜಿಗಳನ್ನು ತಹಶೀಲ್ದಾರರ ಕಚೇರಿಗೆ, ಹುಲ್ಲಿನ ಬಣವೆ ನಷ್ಟದ ಅರ್ಜಿಗಳನ್ನು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಕ್ಕೆ ಸಲ್ಲಿಸುವುದು. ಪರಿಹಾರದ ಮೊತ್ತವು ಅರ್ಜಿ ಸಲ್ಲಿಸುವ ಸಮಯದಲ್ಲಿ ಜಾರಿಯಲ್ಲಿರುವ ಸರ್ಕಾರಿ ಆದೇಶಕ್ಕೆ ಒಳಪಟ್ಟಿರುತ್ತದೆ.

ಅರ್ಜಿದಾರರು ಅನುಸರಿಸಬೇಕಾದ ಕ್ರಮ:

1) ಸ್ಥಳವನ್ನು ಸ್ವಚ್ಛಗೊಳಿಸುವ ಮುನ್ನ ಛಾಯಾಚಿತ್ರ ತೆಗೆದಿಡುವುದು.
2) ಗ್ರಾಮ ಆಡಳಿತ ಅಧಿಕಾರಿಗೆ ಅದೇ ದಿನ ತಿಳಿಸಿ ಸ್ಥಳ ಮಹಜರು ಮಾಡಿಸುವುದು.
3) ಬೆಂಕಿ ನಂದಿಸಲು ಬಂದ ಅಗ್ನಿಶಾಮಕ ಠಾಣೆಗೆ ಲಿಖಿತ ಅರ್ಜಿ ನೀಡಿ ಅಗ್ನಿ ವರದಿಯನ್ನು ಪಡೆಯುವುದು. ಕರೆ ಮಾಡದೆ ತಾವೇ ನಂದಿಸಿದ ಪ್ರಕರಣಗಳಲ್ಲಿ ಈ ವರದಿ ದೊರೆಯುವುದು ಕಷ್ಟವಾದ್ದರಿಂದ, ಬೆಂಕಿ ಚಿಕ್ಕದೆನಿಸಿದರೂ ಕರೆ ಮಾಡುವುದು.
4) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ ಸ್ವೀಕೃತಿ ಪಡೆಯುವುದು.
5) ಜಾನುವಾರು ಅಥವಾ ಕುರಿಗಳು ಸತ್ತಿದ್ದಲ್ಲಿ ಹೂಳುವ ಮುನ್ನ ಪಶುವೈದ್ಯಾಧಿಕಾರಿಯಿಂದ ಮರಣೋತ್ತರ ಪರೀಕ್ಷೆ ಮಾಡಿಸುವುದು.

ಲಗತ್ತಿಸಬೇಕಾದ ದಾಖಲೆಗಳು: ಪಹಣಿ ಪ್ರತಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಮಹಜರು, ಅಗ್ನಿ ವರದಿ, ಛಾಯಾಚಿತ್ರಗಳು. ಅರ್ಜಿಯ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಗೂ ದಿನಾಂಕವನ್ನು ಹಾಕಿಸಿಕೊಂಡು ತಮ್ಮಲ್ಲಿ ಇಟ್ಟುಕೊಳ್ಳುವುದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅನಿಲ ಮುಗಿದ ಲೈಟರ್ ಅನ್ನು ಒಲೆಗೆ ಹಾಕಬಹುದೇ?
ಉತ್ತರ: ಹಾಕಬಾರದು. ಖಾಲಿಯಾದಂತೆ ಕಂಡರೂ ಸ್ವಲ್ಪ ಅನಿಲ ಉಳಿದಿರುತ್ತದೆ, ಕಾದಾಗ ಸಿಡಿಯುತ್ತದೆ.

ಪ್ರಶ್ನೆ: ಒಮ್ಮೆ ಬಳಸಿ ಎಸೆಯುವ ಲೈಟರ್‌ಗೆ ಅನಿಲ ತುಂಬಿಸಬಹುದೇ?
ಉತ್ತರ: ತುಂಬುವ ಕವಾಟವಿಲ್ಲದ ಲೈಟರ್‌ಗಳಿಗೆ ತುಂಬಿಸಬಾರದು. ಕವಾಟವಿರುವುದಕ್ಕೂ ಉರಿಯಿಂದ ದೂರ, ಬಯಲಿನಲ್ಲಿ ತುಂಬಿಸಿ, ಕೆಲವು ನಿಮಿಷಗಳ ನಂತರ ಹೊತ್ತಿಸುವುದು.

ಪ್ರಶ್ನೆ: ಗುಡಿಸಲು ಅಥವಾ ಡೇರೆಯೊಳಗೆ ಚಳಿಗೆ ಕೆಂಡ ಇಡಬಹುದೇ?
ಉತ್ತರ: ಇಡಬಾರದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಎಚ್ಚರಗೊಳ್ಳದೆಯೇ ಪ್ರಾಣ ಕಳೆದುಕೊಳ್ಳಬಹುದು.

ಪ್ರಶ್ನೆ: ನಂದಿಸುವ ತರಬೇತಿ ಎಲ್ಲಿ ದೊರೆಯುತ್ತದೆ?
ಉತ್ತರ: 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸಂಭವಿಸಿದ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣಾರ್ಥ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. ಆ ದಿನಗಳಲ್ಲಿ ನಡೆಯುವ ಪ್ರಾತ್ಯಕ್ಷಿಕೆಗಳಲ್ಲಿ ಸಾರ್ವಜನಿಕರು ಭಾಗವಹಿಸಬಹುದು. ಶಾಲೆಗಳು, ಸ್ವಸಹಾಯ ಸಂಘಗಳು ಸಮೀಪದ ಠಾಣೆಗೆ ಪತ್ರ ಬರೆದು ಪ್ರಾತ್ಯಕ್ಷಿಕೆಯನ್ನು ಕೋರಬಹುದು.

14. ಉಪಯುಕ್ತ ದೂರವಾಣಿ ಸಂಖ್ಯೆಗಳು

ತುರ್ತು ಸೇವೆ: 112
ಅಗ್ನಿಶಾಮಕ: 101
ಆಂಬುಲೆನ್ಸ್: 108
ಅರಣ್ಯ ಸಹಾಯವಾಣಿ: 1926
ಬೆಸ್ಕಾಂ: 1912
ಗ್ರಾಹಕ ಸಹಾಯವಾಣಿ: 1915

ಮೇಲ್ಕಂಡ ಸೂಚನೆಗಳನ್ನು ಗ್ರಾಮ ಪಂಚಾಯಿತಿ ಕಚೇರಿ, ಹಾಲಿನ ಡೈರಿ ಮತ್ತು ಶಾಲೆಗಳ ಸೂಚನಾ ಫಲಕಗಳಲ್ಲಿ ಪ್ರಕಟಿಸಿ, ಓದು ಬಾರದವರಿಗೆ ಓದಿ ಹೇಳಲು ಕೋರಲಾಗಿದೆ. ಅಗ್ನಿಶಾಮಕ ವಾಹನವು ಠಾಣೆಯಿಂದ ಹೊರಟು ಗ್ರಾಮವನ್ನು ತಲುಪುವವರೆಗಿನ ಸಮಯದಲ್ಲಿ ಬಣವೆ ಉಳಿಯುವುದು, ಅಳಿಯುವುದು ಗ್ರಾಮಸ್ಥರ ಮುಂಜಾಗ್ರತೆಯನ್ನೇ ಅವಲಂಬಿಸಿದೆ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.